ನೇತ್ರಾಣಿ ಡೈವಿಂಗ್ ಪ್ರವಾಸಗಳಲ್ಲಿನ ಬದಲಾವಣೆಯ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ನಮ್ಮ ದೋಣಿಗಳು, ಮಳೆಗಾಲ ಕಳೆದು ಡೈವಿಂಗ್ ಪುನಃ ಆರಂಭವಾದಂದಿನಿಂದ, ಹವಳವಿರುವ ಜಾಗದಲ್ಲಿ ಲಂಗರು ಹಾಕುವುದಿಲ್ಲ. ತಮ್ಮನ್ನು ನೀರಿಗಿಳಿಸಿದ ಬಳಿಕ ದೋಣಿ ದೂರ ಸರಿದು ಕಾಯುತ್ತದೆ. ತಾವು ಮೇಲೆ ಬಂದಾಗ ಹತ್ತಿರ ಬಂದು ಹತ್ತಿಸಿಕೊಳ್ಳುತ್ತದೆ. ಇದಕ್ಕೆ ಹೆಚ್ಚಿನ ಡೀಸೆಲ್ ಮತ್ತು ದೋಣಿಯಲ್ಲೇ ಉಳಿಯುವ ಇನ್ನೊಬ್ಬ ಸಿಬ್ಬಂದಿ ಬೇಕಾಗುವುದರಿಂದ ಶುಲ್ಕವನ್ನು ತಲಾ 300 ರೂಪಾಯಿ ಹೆಚ್ಚಿಸಿದ್ದೇವೆ.

ನೇತ್ರಾಣಿಯಲ್ಲಿ ಲಕ್ಷದ್ವೀಪದಂತೆ ವಿಶಾಲವಾದ ಹವಳ ದಿಬ್ಬಗಳಿಲ್ಲ. ಬಂಡೆಗಳಿಗೆ ಅಂಟಿಕೊಂಡು ಅಲ್ಲಲ್ಲಿ ಬೆಳೆದ ಹವಳಗಳಷ್ಟೇ ಇರುವುದರಿಂದ ಅವುಗಳಲ್ಲಿ ಒಂದೊಂದೂ ಅಮೂಲ್ಯ. ಗುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಮಾತ್ರ ಹಿಗ್ಗುತ್ತವೆ. ಅಂದರೆ ಬುಟ್ಟಿಯಷ್ಟು ಅಗಲದ ಹವಳವೊಂದು ನಮ್ಮಲ್ಲಿ ಅನೇಕರಿಗಿಂತ ಹಿರಿದು. ಲಂಗರಿನ ಸರಪಳಿ ಅದನ್ನು ಕ್ಷಣಮಾತ್ರದಲ್ಲಿ ಒಡೆಯಬಲ್ಲದು. ಮುರಿದ ಜಾಗ ಮೊದಲು ಅಚ್ಚ ಬಿಳುಪಾಗಿ ಕಾಣುತ್ತದೆ, ಬಳಿಕ ಅದರ ಮೇಲೆ ಪಾಚಿ ಹಬ್ಬುತ್ತದೆ. ಕೆಳಗೆ ಬಿದ್ದ ತುಂಡು ಆಗಲೂ ಜೀವಂತವಾಗಿಯೇ ಇರುತ್ತದೆಯಾದರೂ, ಅಲೆಯ ಸೆಳೆತಕ್ಕೆ ಉರುಳಾಡಿ, ಮರಳಿಗೆ ಉಜ್ಜಿ, ಕೊನೆಗೆ ಸಾಯುತ್ತದೆ.

ಅಂಥ ತುಂಡನ್ನು ಗಟ್ಟಿಯಾದ ನೆಲೆಗೆ ಬಿಗಿದರೆ ಅದು ಬೇರೂರಿದಂತೆ ಅಂಟಿಕೊಂಡು ಮತ್ತೆ ಬೆಳೆಯಬಲ್ಲದು ಎಂಬುದೇ ಹವಳ ಪುನಶ್ಚೇತನದ ಆಧಾರ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದರು. ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿಹೋದುದಕ್ಕೆ ಈ ಅಗೆತವೂ ಮುಖ್ಯ ಕಾರಣ. ಅಲೆಯ ಬಲವನ್ನು ತಡೆಯುವ ದಿಬ್ಬವೇ ಹೋದ ಮೇಲೆ ದ್ವೀಪದ ಮರಳು ನಿಲ್ಲುವುದಾದರೂ ಹೇಗೆ? ಅದೇ ಕೊಲ್ಲಿಯಲ್ಲಿ ತೂತ್ತುಕುಡಿಯ ಸಂಶೋಧಕರು 2002ರಿಂದ ಹವಳದ ತುಂಡುಗಳನ್ನು ನೆಲೆಗಳಿಗೆ ಕಟ್ಟಿ ಬೆಳೆಸುತ್ತ ಬಂದಿದ್ದಾರೆ.

ಆ ಕೆಲಸವನ್ನು ನಾವೇ ಕೈಗೆತ್ತಿಕೊಳ್ಳಲಾಗದು. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ಜೀವಿಗಳ ಪಟ್ಟಿಯಲ್ಲಿದೆ. ಸತ್ತ ತುಂಡನ್ನೂ ನೆನಪಿಗೆಂದು ಒಯ್ಯುವಂತಿಲ್ಲ. ಮೇಲಾಗಿ, 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಸಮುದ್ರದ ಬಿಸಿಗೆ ವ್ಯಾಪಕವಾಗಿ ಬಿಳಿಚಿಕೊಂಡವು. ನೆಟ್ಟು ಬೆಳೆಸಿದ ಹವಳಕ್ಕೂ ಆ ಬಿಸಿಯಿಂದ ವಿನಾಯಿತಿಯಿಲ್ಲ. ಬಿಸಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರುವಾಗ, ಅದರಿಂದ ಬಳಲಿದ ಹವಳ ಚೇತರಿಸಿಕೊಳ್ಳುವ ಹೊತ್ತಿಗೆ ಲಂಗರು, ಕೈ, ಕಾಲುಗಳ ಪೆಟ್ಟನ್ನಾದರೂ ತಪ್ಪಿಸುವುದು ನಮ್ಮ ಹೊಣೆಯೆಂದು ಭಾವಿಸಿದ್ದೇವೆ.

ಆದುದರಿಂದ ಮೊದಲ ಬಾರಿಗೆ ಡೈವ್ ಮಾಡುವವರನ್ನು ಇನ್ನು ಮುಂದೆ ಮರಳು ತಳವಿರುವ ಜಾಗದಲ್ಲಿಯೇ ಇಳಿಸುತ್ತೇವೆ. ನೀರಿನೊಳಗೆ ಏರದೆ ಇಳಿಯದೆ ತೇಲುವ ಹಿಡಿತ ಇನ್ನೂ ಬಾರದವರ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಬಡಿತಕ್ಕೆ ಏಳುವ ಹೂಳು ಹವಳದ ಮೇಲೆ ಕೂರುತ್ತದೆ, ಅದನ್ನು ತೊಳೆದುಕೊಳ್ಳಲು ಹವಳ ಲೋಳೆ ಸುರಿಸಿ ತನ್ನ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಮರಳು ತಳವಿರುವ ಜಾಗದಲ್ಲಿಯೂ ಮೀನುಗಳನ್ನು ನೋಡಬಹುದು. ಕೈಗವಸು ನೀಡುವುದಿಲ್ಲ, ಏಕೆಂದರೆ ಕೈಗವಸು ತೊಟ್ಟವರು ಧೈರ್ಯವಾಗಿ ಬಂಡೆ ಹಿಡಿಯುತ್ತಾರೆ. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಉಡುಪು ಧರಿಸಿ ಬರಬೇಕೆಂದು ಕೋರುತ್ತೇವೆ.

ಈಗಾಗಲೇ ಮುಂಗಡ ಪಾವತಿಸಿದವರಿಗೆ ಹಳೆಯ ಶುಲ್ಕವೇ ಅನ್ವಯಿಸುತ್ತದೆ. ಈ ನಿಯಮಗಳು ಒಪ್ಪಿಗೆಯಾಗದವರು ಪ್ರವಾಸಕ್ಕೆ ಒಂದು ವಾರ ಮೊದಲು ತಿಳಿಸಿದಲ್ಲಿ ಪೂರ್ತಿ ಹಣವನ್ನು ಹಿಂದಿರುಗಿಸುತ್ತೇವೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ಮುರ್ಡೇಶ್ವರ