ಈ ವಾರ ಕೇಳೋಣ: ಬಿಲ್ಲಿ ಫ್ಯೂರಿ

ಗೆಳೆಯರೇ, ಈ ವಾರ ಎಲ್ಲರೂ ಬ್ರಿಟಿಷ್ ಗಾಯಕ ಬಿಲ್ಲಿ ಫ್ಯೂರಿ ಅವರ 1960ರ 'ದ ಸೌಂಡ್ ಆಫ್ ಫ್ಯೂರಿ' ಆಲ್ಬಮ್ ಕೇಳಿ ಬನ್ನಿ. ಬರೀ ಹತ್ತು ಹಾಡು, ಒಂದೇ ಸಲಕ್ಕೆ ಕೇಳಿ ಮುಗಿಸಬಹುದು. ಹತ್ತನ್ನೂ ಬರೆದದ್ದು ಬಿಲ್ಲಿಯೇ. ಆಗ ಬ್ರಿಟನ್‌ನ ರಾಕ್ ಅಂಡ್ ರೋಲ್ ಗಾಯಕರು ಜಾಸ್ತಿ ಹಾಡುತ್ತಿದ್ದದ್ದು ಬೇರೆಯವರು ಬರೆದ ಹಾಡುಗಳನ್ನು. ಇಪ್ಪತ್ತರ ಹುಡುಗ ಹೀಗೆ ಮಾಡಿದ್ದು ದೊಡ್ಡ ವಿಷಯ ಅಲ್ವಾ? ಗಿಟಾರ್ ಜೋ ಬ್ರೌನ್ ಅವರದು. ಅದನ್ನು ತಪ್ಪದೆ ಗಮನಿಸಿ.

ಬಿಲ್ಲಿ ಲಿವರ್‌ಪೂಲ್‌ನವರು. ನಿಜವಾದ ಹೆಸರು ರೊನಾಲ್ಡ್ ವಿಚರ್ಲಿ. ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿಯಲ್ಲಿ ಕೆಲಸ ಮಾಡಿದ್ದರು. 1958ರ ಅಕ್ಟೋಬರ್‌ನಲ್ಲಿ ಪಕ್ಕದ ಬರ್ಕನ್‌ಹೆಡ್ ಊರಿನಲ್ಲಿ ಗಾಯಕ ಮಾರ್ಟಿ ವೈಲ್ಡ್ ಕಾರ್ಯಕ್ರಮವಿತ್ತು. ತಾನು ಬರೆದ ಹಾಡುಗಳನ್ನು ಅವರಿಗೆ ಕೇಳಿಸೋಣ ಎಂದು ಈ ಹುಡುಗ ವೇದಿಕೆಯ ಹಿಂದಕ್ಕೆ ಹೋದ. ವೈಲ್ಡ್ ಅವರ ಮ್ಯಾನೇಜರ್ ಲ್ಯಾರಿ ಪಾರ್ನ್ಸ್ ಹಾಡು ಕೇಳಿದವರೇ ಅದೇ ರಾತ್ರಿ ಅವನನ್ನು ವೇದಿಕೆಗೆ ಹತ್ತಿಸಿಬಿಟ್ಟರು! ಹೊಸ ಹೆಸರು ಕೊಟ್ಟವರೂ ಅವರೇ.

1961ರಲ್ಲಿ 'ಹಾಫ್‌ವೇ ಟು ಪ್ಯಾರಡೈಸ್' ಬ್ರಿಟಿಷ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ, 'ಜೆಲಸಿ' 2ನೇ ಸ್ಥಾನಕ್ಕೆ ಏರಿದವು. ಮೊದಲ ಸ್ಥಾನ ಮಾತ್ರ ಕೊನೆಯವರೆಗೂ ದಕ್ಕಲಿಲ್ಲ. ನನಗಂತೂ ವಾದ್ಯವೃಂದದ ಜೊತೆ ಹಾಡಿದ ಈ ಹಾಡುಗಳಿಗಿಂತ ಮೊದಲಿನ ಆಲ್ಬಮ್ಮೇ ಇಷ್ಟ.

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಹೃದಯವನ್ನು ಹಾಳುಮಾಡಿತ್ತು. ಎಪ್ಪತ್ತರ ದಶಕದಲ್ಲಿ ಶಸ್ತ್ರಚಿಕಿತ್ಸೆಗಳಾದವು. ಮತ್ತೆ ಹಾಡಲು ಶುರುಮಾಡಿದ್ದರು, ಆದರೆ 1983ರ ಜನವರಿಯಲ್ಲಿ ತೀರಿಕೊಂಡರು. ಬರೀ 42 ವರ್ಷ.

ಕೇಳಿದ ಮೇಲೆ ನಿಮಗೆ ಹಿಡಿಸಿದ ಒಂದು ಹಾಡಿನ ಹೆಸರು, ಯಾಕೆ ಹಿಡಿಸಿತು ಅನ್ನೋದನ್ನು ಭಾನುವಾರ ರಾತ್ರಿಯೊಳಗೆ ಇಲ್ಲಿ ಬರೆಯಿರಿ. ಧ್ವನಿ ಸಂದೇಶ ಆದರೂ ಪರವಾಗಿಲ್ಲ.