ಸೈಡ್ ಬಿ ಇನ್ನೊಮ್ಮೆ ಕೇಳು, ಗೆಳೆಯಾ

ಪ್ರೀತಿಯ ಗೆಳೆಯಾ,

ಕಳೆದ ವಾರ ಊರಿಗೆ ಹೋಗಿದ್ದೆ. ಅಮ್ಮನ ಜೊತೆ ಅಟ್ಟ ಕ್ಲೀನ್ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರ ತುಂಬ ಹಳೇ ಕ್ಯಾಸೆಟ್‌ಗಳು. ಅದರಲ್ಲಿ ನೀನು ಕೊಟ್ಟಿದ್ದ 90 ನಿಮಿಷದ ಕ್ಯಾಸೆಟ್ಟೂ ಇತ್ತು ಕಣೋ. ನೀಲಿ ಪೆನ್ನಲ್ಲಿ ನಿನ್ನ ಅಕ್ಷರ: ‘ಟೋರಾ ಟೋರಾ, 1 ಮತ್ತು 2’. ಆ ಅಮೆರಿಕದ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಸೈಡ್ ಎ, ಎರಡನೆಯದು ಸೈಡ್ ಬಿ. ನಿಮ್ಮ ಭಾವ ಅಮೆರಿಕದಿಂದ ತಂದಿದ್ದ ಸಿಡಿಗಳಿಂದ ಕಾಪಿ ಮಾಡಿಕೊಟ್ಟಿದ್ದೆ ಅಲ್ವಾ? ಕೊಡುವಾಗ ಒಂದು ಮಾತು ಹೇಳಿದ್ದೆ. “ಸೈಡ್ ಎ ಕೇಳು. ಸೈಡ್ ಬಿ ಸಪ್ಪೆ.”

ನಾನು ನಿನ್ನ ಮಾತು ನಂಬಿದ್ದೆ. ಈ ವಾರವೆಲ್ಲ ಸೈಡ್ ಬಿ ಕೇಳಿದೆ. ಸಪ್ಪೆ ಅಲ್ಲವೇ ಅಲ್ಲ. ಇಷ್ಟು ವರ್ಷ ಅದನ್ನು ಸರಿಯಾಗಿ ಕೇಳದೆ ಬಿಟ್ಟೆವಲ್ಲ ಅಂತ ನಿಜಕ್ಕೂ ಸಂಕಟವಾಗುತ್ತಿದೆ. ಅದಕ್ಕೇ ಈ ಪತ್ರ.

ಆ ಹುಡುಗರು ಎಲ್ಲಿಂದ ಬಂದವರು ಅನ್ನೋದನ್ನು ನಾವು ಆಗ ಯೋಚಿಸಿರಲಿಲ್ಲ. ಅವರ ಥರದ ಅಬ್ಬರದ ರಾಕ್‌ಗೆ ಗ್ಲ್ಯಾಮ್ ಮೆಟಲ್ ಅಂತ ಹೆಸರು. ಗ್ಲ್ಯಾಮ್ ಮೆಟಲ್ ಅಂದರೆ ಲಾಸ್ ಏಂಜಲಿಸ್, ಉದ್ದ ಕೂದಲು, ಪಾರ್ಟಿ. ಅಷ್ಟೇ ನಮಗೆ ಗೊತ್ತಿದ್ದದ್ದು. ಟೋರಾ ಟೋರಾದವರು ಟೆನೆಸಿ ರಾಜ್ಯದ ಮೆಂಫಿಸ್‌ನವರು. ಆಂಥನಿ ಕಾರ್ಡರ್ ಹಾಡುಗಾರ, ಕೀತ್ ಡಗ್ಲಸ್ ಗಿಟಾರ್, ಪ್ಯಾಟ್ರಿಕ್ ಫ್ರಾನ್ಸಿಸ್ ಬೇಸ್, ಜಾನ್ ಪ್ಯಾಟರ್ಸನ್ ಡ್ರಮ್ಸ್. ಹುಡುಗು ವಯಸ್ಸಿನಲ್ಲೇ ಶುರು ಮಾಡಿದವರು. ಅವರ ಊರಲ್ಲೇ ಆರ್ಡೆಂಟ್ ಅನ್ನೋ ಸ್ಟುಡಿಯೋ ಇತ್ತು. ಜೀಜೀ ಟಾಪ್ ಅನ್ನೋ ದೊಡ್ಡ ರಾಕ್ ಬ್ಯಾಂಡ್ ರೆಕಾರ್ಡ್ ಮಾಡಿದ ಜಾಗ ಅದು. ಇವರೂ ಅಲ್ಲೇ ಬೆಳೆದರು.

1989ರಲ್ಲಿ ಎ ಅಂಡ್ ಎಂ ಅನ್ನೋ ರೆಕಾರ್ಡ್ ಕಂಪನಿಯಿಂದ ಮೊದಲ ಆಲ್ಬಂ ‘ಸರ್‌ಪ್ರೈಸ್ ಅಟ್ಯಾಕ್’ ಬಂತು. ಹೆಚ್ಚು ಓಡುವ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 47ನೇ ಸ್ಥಾನದವರೆಗೂ ಏರಿತು. ‘ವಾಕಿಂಗ್ ಶೂಸ್’ ಹಾಡು ನಿನಗೆ ಬಾಯಿಪಾಠ, ಹಾಗಾಗಿ ಅದರ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ.

ಎರಡನೆಯದು ‘ವೈಲ್ಡ್ ಅಮೆರಿಕ’. ಬಂದದ್ದು 1992ರಲ್ಲಿ. ನಿಂತದ್ದು 132ನೇ ಸ್ಥಾನದಲ್ಲಿ.

ಮೊದಲ ಆಲ್ಬಂ ಅಬ್ಬರದ್ದು ಕಣೋ. ಜೋರಾಗಿ ಬಂದು ಬಾಗಿಲು ಬಡಿಯುತ್ತದೆ. ಎರಡನೆಯದಕ್ಕೆ ಅವಸರ ಇಲ್ಲ. ಕಾರ್ಡರ್ ಒಂದು ಸಾಲು ಹಾಡಿ ಬಿಡುತ್ತಾನೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಮತ್ತೆ ಅವನ ಸರದಿ. ಇದು ಬ್ಲೂಸ್ ಅನ್ನೋ ಸಂಗೀತದ ಹಳೇ ಪದ್ಧತಿ. ಮಿಸಿಸಿಪಿಯ ಹತ್ತಿ ಹೊಲಗಳಿಂದ ಕೆಲಸ ಹುಡುಕಿಕೊಂಡು ಮೆಂಫಿಸ್‌ಗೆ ಬಂದ ಕಪ್ಪು ಜನರು ಜೊತೆಗೆ ತಂದ ಪದ್ಧತಿ. ಮೆಂಫಿಸ್‌ನ ಬೀಲ್ ಸ್ಟ್ರೀಟ್‌ನಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದ ಸಂಗೀತ ಅದೇ. ಈ ನಾಲ್ವರು ಬಿಳಿ ಹುಡುಗರು ಅದನ್ನು ಕೇಳುತ್ತಲೇ ದೊಡ್ಡವರಾದರು. ಆ ಸಾಲ ಈ ಎರಡನೇ ಆಲ್ಬಂನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಸಾಲ ಅಂತಲೇ ಅನ್ನುತ್ತೇನೆ, ಯಾಕೆಂದರೆ ಅದನ್ನು ಹುಟ್ಟುಹಾಕಿದವರಲ್ಲಿ ಎಷ್ಟೋ ಜನರಿಗೆ ಅದರಿಂದ ಕಾಸು ಸಿಗಲಿಲ್ಲ.

‘ಡೆಡ್ ಮ್ಯಾನ್ಸ್ ಹ್ಯಾಂಡ್’ ಅನ್ನೋ ಹಾಡಿದೆಯಲ್ಲ, ಆಗ ಆ ಹೆಸರು ಕೇಳಿ ಯಾವುದೋ ದೆವ್ವದ ಹಾಡು ಅಂದುಕೊಂಡಿದ್ದೆವು. ಅದು ಇಸ್ಪೀಟಿನ ಮಾತು. 1876ರಲ್ಲಿ ಡೆಡ್‌ವುಡ್ ಅನ್ನೋ ಊರಲ್ಲಿ ವೈಲ್ಡ್ ಬಿಲ್ ಹಿಕಾಕ್ ಅನ್ನುವವನು ಪೋಕರ್ ಆಡುತ್ತಾ ಕುಳಿತಿದ್ದಾಗ ಹಿಂದಿನಿಂದ ಬಂದವನೊಬ್ಬ ಗುಂಡು ಹೊಡೆದ. ಸತ್ತಾಗ ಅವನ ಕೈಯಲ್ಲಿ ಎಕ್ಕ ಮತ್ತು ಎಂಟರ ಜೋಡಿ ಇತ್ತು ಅಂತ ಕಥೆ. ಆ ಎಲೆಗಳಿಗೆ ಅಂದಿನಿಂದ ‘ಸತ್ತವನ ಕೈ’ ಅಂತ ಹೆಸರು. ಇದು ಗೊತ್ತಾದಮೇಲೆ ಹಾಡು ಕೇಳು, ಆ ಗಿಟಾರ್ ಬೇರೆಯದೇ ಥರ ಕೇಳಿಸುತ್ತದೆ.

‘ಅಮ್ನೀಷಿಯಾ’ ಒಂದೇ ಸಲಕ್ಕೆ ತಲೆಯಲ್ಲಿ ಕೂರುವ ಹಾಡು. ‘ಆಸ್ ಟೈಮ್ ಗೋಸ್ ಬೈ’ ನಿಧಾನದ್ದು. ಆ ಕಾಲದ ಬ್ಯಾಂಡ್‌ಗಳ ನಿಧಾನದ ಹಾಡುಗಳಲ್ಲಿ ಸುಮ್ನೆ ಅಳು ಜಾಸ್ತಿ ಇರುತ್ತಿತ್ತು. ಇದರಲ್ಲಿ ಹಾಗಿಲ್ಲ. ದನಿ ಒಡೆದ ಹಾಗಿದೆ, ಆದರೆ ಕಣ್ಣೀರು ತರಿಸಲೇಬೇಕು ಅನ್ನೋ ಹಟ ಇಲ್ಲ. ಮಧ್ಯದ ಒಂದೆರಡು ಹಾಡು ನನಗೂ ಅಷ್ಟು ಹಿಡಿಸಲಿಲ್ಲ.

ಈಗ ಮುಖ್ಯ ವಿಷಯ. ನಿನ್ನ ಕ್ಯಾಸೆಟ್‌ನ ಸೈಡ್ ಬಿ ಶುರುವಿನಲ್ಲಿ ಆಕಾಶವಾಣಿಯ ಚಿತ್ರಗೀತೆಗಳು ಒಂದು ಹತ್ತು ನಿಮಿಷ ಉಳಿದಿವೆ, ಅಳಿಸಿಲ್ಲ. ಹಾಗಾಗಿ ಆಲ್ಬಂ ಪೂರ್ತಿ ಅದರಲ್ಲಿ ಹಿಡಿದಿಲ್ಲ. ‘ನೋವೇರ್ ಟು ಗೋ ಬಟ್ ಡೌನ್’ ನಡೆಯುತ್ತಿರುವಾಗಲೇ ಟಕ್ ಅಂತ ಟೇಪ್ ನಿಲ್ಲುತ್ತದೆ. ಕೊನೆಯ ಹಾಡು ಕ್ಯಾಸೆಟ್‌ನಲ್ಲಿ ಇಲ್ಲವೇ ಇಲ್ಲ! ಹಾಗೊಂದು ಹಾಡಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮೊನ್ನೆ ಫೋನಿನಲ್ಲಿ ಹುಡುಕಿ ಮೊದಲ ಸಲ ಕೇಳಿದೆ. ‘ಸಿಟಿ ಆಫ್ ಕಿಂಗ್ಸ್’. ರಾಜರ ಊರು.

ಮೆಂಫಿಸ್‌ಗೆ ಆ ಹೆಸರು ಎಷ್ಟು ಸರಿ ನೋಡು. ಹಾಡುಗಾರ ಎಲ್ವಿಸ್ ಪ್ರೀಸ್ಲಿಯನ್ನು ಜನ ಕಿಂಗ್ ಅಂತಲೇ ಕರೆದರು. ಅವನು 1954ರಲ್ಲಿ ಸನ್ ರೆಕಾರ್ಡ್ ಕಂಪನಿಗೆ ಮೊದಲ ರೆಕಾರ್ಡ್ ಮಾಡಿದ್ದು ಅದೇ ಊರಿನ ಯೂನಿಯನ್ ಅವೆನ್ಯೂದಲ್ಲಿ. ಬ್ಲೂಸ್ ಹಾಡುಗಾರ ಬಿ.ಬಿ. ಕಿಂಗ್ ಅದೇ ಊರಿನ ಡಬ್ಲ್ಯುಡಿಐಎ ರೇಡಿಯೋದಲ್ಲಿ ಹಾಡು ಹಾಕುತ್ತಿದ್ದರು. ಅಲ್ಲಿ ಸಿಕ್ಕ ‘ಬ್ಲೂಸ್ ಬಾಯ್’ ಅನ್ನೋ ಹೆಸರೇ ಚಿಕ್ಕದಾಗಿ ಬಿ.ಬಿ. ಆಯಿತು. ಮೂರನೆಯ ಕಿಂಗ್ ಹಾಡುಗಾರರಲ್ಲ. ಊರಿನ ಕಸ ಎತ್ತುವ ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1968ರ ಏಪ್ರಿಲ್ 4ರಂದು ಲೊರೇನ್ ಮೋಟೆಲ್‌ನಲ್ಲಿ ಕೊಂದರು. ಹಾಡು ಕೇಳುವಾಗ ಈ ಮೂವರೂ ನನಗೆ ಒಟ್ಟಿಗೇ ನೆನಪಾಗುತ್ತಾರೆ. ಆಲ್ಬಂ ‘ಅಮೆರಿಕ’ ಅಂತ ಶುರುವಾಗಿ ಕೊನೆಗೆ ಸ್ವಂತ ಊರಿಗೆ ಬಂದು ನಿಲ್ಲುತ್ತದೆ. ಅದು ಗೊತ್ತಾದಮೇಲೆ ಉಳಿದ ಹಾಡುಗಳನ್ನು ಮತ್ತೆ ಮೊದಲಿಂದ ಕೇಳಿದೆ. ಆ ಕೊನೆ ಕೇಳದೆಯೇ ನಾವು ಸಪ್ಪೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು.

ಹಾಗಾದರೆ ಯಾಕೆ ಓಡಲಿಲ್ಲ? ನೀನು ಹೇಳೋದು ನನಗೆ ಗೊತ್ತು: ನಿರ್ವಾಣ ಅನ್ನೋ ಬ್ಯಾಂಡ್ ಬಂತು, ಉದ್ದ ಕೂದಲಿನವರ ಕಥೆ ಮುಗಿಯಿತು. ನಿಜ. ಅವರ ‘ನೆವರ್‌ಮೈಂಡ್’ ಆಲ್ಬಂ 1991ರ ಸೆಪ್ಟೆಂಬರ್‌ನಲ್ಲಿ ಬಂದು 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ನನ್ನೇ ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಅದೇ 1992ರಲ್ಲಿ ಇನ್ನೊಂದು ನಡೆಯಿತು. ಜಾರ್ಜಿಯಾದ ಬ್ಲ್ಯಾಕ್ ಕ್ರೋಸ್ ಬ್ಯಾಂಡಿನ ಎರಡನೇ ಆಲ್ಬಂ ಬಂದ ಕೂಡಲೇ ನೇರ ಮೊದಲ ಸ್ಥಾನದಲ್ಲಿ ಕೂತಿತು. ಅವರೂ ಅಮೆರಿಕದ ದಕ್ಷಿಣದವರೇ. ಅಲ್ಲೂ ಬ್ಲೂಸ್, ಅಲ್ಲೂ ಒಡೆದ ದನಿ. ಅಂದರೆ ಜನರಿಗೆ ಆ ದಕ್ಷಿಣದ ಸಂಗೀತ ಬೇಡವಾಗಿರಲಿಲ್ಲ. ಟೋರಾ ಟೋರಾ ಮೇಲೆ 1989ರಲ್ಲೇ ಹೇರ್ ಬ್ಯಾಂಡ್, ಅಂದರೆ ಉದ್ದ ಕೂದಲಿನವರ ಬ್ಯಾಂಡ್, ಅಂತ ಚೀಟಿ ಅಂಟಿಸಿದ್ದರು. 1992ರಲ್ಲಿ ಚೀಟಿ ನೋಡಿದವರು ಹಾಡು ಕೇಳಲಿಲ್ಲ. ಬ್ಲ್ಯಾಕ್ ಕ್ರೋಸ್ ದೊಡ್ಡ ಬ್ಯಾಂಡ್, ಒಪ್ಪುತ್ತೇನೆ. ಆದರೆ 1ಕ್ಕೂ 132ಕ್ಕೂ ಇರುವಷ್ಟು ವ್ಯತ್ಯಾಸ ಆ ಎರಡು ಆಲ್ಬಂಗಳ ನಡುವೆ ಖಂಡಿತ ಇಲ್ಲ.

ಆಮೇಲೆ ಅವರು 1994ರ ಹೊತ್ತಿಗೆ ಮೂರನೆಯದನ್ನೂ ರೆಕಾರ್ಡ್ ಮಾಡಿದರು. ‘ರೆವಲ್ಯೂಷನ್ ಡೇ’. ಅದು ಆಗ ಹೊರಗೆ ಬರಲೇ ಇಲ್ಲ. ಬ್ಯಾಂಡ್ ಚದುರಿಹೋಯಿತು. ಆ ಟೇಪ್ ಜನರ ಕೈಗೆ ಬಂದದ್ದು 2011ರಲ್ಲಿ, ಒಂದು ಚಿಕ್ಕ ಕಂಪನಿಯ ಮೂಲಕ. 2019ರಲ್ಲಿ ಅದೇ ನಾಲ್ವರು ಸೇರಿ ಹೊಸ ಆಲ್ಬಂ ತಂದರು, ‘ಬಾಸ್ಟರ್ಡ್ಸ್ ಆಫ್ ಬೀಲ್’. ಹೆಸರಲ್ಲಿ ಮತ್ತೆ ಅದೇ ಬೀಲ್ ಸ್ಟ್ರೀಟ್. ಒಬ್ಬನೂ ಬದಲಾಗಿಲ್ಲ ಗೊತ್ತಾ? ಅದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು.

ಕ್ಯಾಸೆಟ್ ನನ್ನ ಹತ್ತಿರವೇ ಇರಲಿ, ವಾಪಸ್ ಕೇಳಬೇಡ. ಅಮ್ಮನ ಟೇಪ್‌ರೆಕಾರ್ಡರ್‌ಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ, ಚೆನ್ನಾಗಿ ಓಡುತ್ತಿದೆ. ಮುಂದಿನ ತಿಂಗಳು ನೀನು ಬಂದಾಗ ಸೈಡ್ ಬಿ ಹಾಕುತ್ತೇನೆ. ಚಿತ್ರಗೀತೆಗಳಿಂದಲೇ ಶುರು ಮಾಡೋಣ. ಟೇಪ್ ಟಕ್ ಅಂದ ಮೇಲೆ ಉಳಿದದ್ದನ್ನು ಫೋನಿನಲ್ಲಿ ಕೇಳಿಸುತ್ತೇನೆ. ನಿಮ್ಮ ಭಾವನಿಗೂ ಒಂದು ಥ್ಯಾಂಕ್ಸ್ ಹೇಳು. ಆ ಸಿಡಿ ಅವರ ಹತ್ತಿರ ಇನ್ನೂ ಇದೆಯಾ ಅಂತಲೂ ವಿಚಾರಿಸು.

ನಿನ್ನವನು