ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಓಟದ ದಾರಿಯನ್ನು ಮಣ್ಣಿನ ದಾರಿಯಾಗಿಯೇ ಉಳಿಸಿಕೊಡುವಂತೆ ನಿವಾಸಿಗಳ ಮನವಿ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು,
ಮೈಸೂರು ಜಿಲ್ಲೆ, ಮೈಸೂರು.

ಇವರಿಂದ:
ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಪಡುವಾರಹಳ್ಳಿ ಹಾಗೂ ಬೋಗಾದಿ ರಸ್ತೆಯ ಆಸುಪಾಸಿನ ನಿವಾಸಿಗಳು, ಕೆರೆಯ ದಾರಿಯಲ್ಲಿ ನಿತ್ಯ ನಡೆಯುವವರು ಮತ್ತು ಓಡುವವರು.

ವಿಷಯ: ಕುಕ್ಕರಹಳ್ಳಿ ಕೆರೆಯ ಸುತ್ತಲಿನ ದಾರಿಯ ದುರಸ್ತಿ, ದೂರದ ಗುರುತು ಮತ್ತು ಬಳಕೆಯ ನಿಯಮಗಳ ಕುರಿತು.

ಮಾನ್ಯರೇ,

ಮನವಿ ಪತ್ರವೆಂದರೆ ಹೊಸದೇನನ್ನಾದರೂ ಕಟ್ಟಿಕೊಡಿ ಎಂದು ಕೇಳುವುದು ವಾಡಿಕೆ. ಈ ಪತ್ರದಲ್ಲಿ ನಾವು ಕೇಳುತ್ತಿರುವುದರಲ್ಲಿ ಹೆಚ್ಚಿನದು ಏನನ್ನೂ ಕಟ್ಟದೆ ಇರುವುದನ್ನು. ನಮ್ಮಲ್ಲಿ ಅರವತ್ತು ದಾಟಿ ನಿಧಾನವಾಗಿ ಒಂದು ಸುತ್ತು ಮುಗಿಸುವವರಿದ್ದಾರೆ, 21.1 ಕಿಲೋಮೀಟರಿನ ಅರ್ಧ ಮ್ಯಾರಥಾನ್‌ಗೆ ಸಿದ್ಧರಾಗಲು ಬೆಳಕು ಹರಿಯುವ ಮುನ್ನವೇ ಗೇಟಿನ ಬಳಿ ಬಂದು ನಿಲ್ಲುವವರೂ ಇದ್ದಾರೆ. ಈ ಇಬ್ಬರ ಬೇಡಿಕೆಗಳು ಎಲ್ಲ ವಿಷಯದಲ್ಲೂ ಒಂದೇ ಅಲ್ಲ. ಆದರೂ ಒಟ್ಟಿಗೆ ಕುಳಿತು ಮಾತನಾಡಿ, ಇಬ್ಬರಿಗೂ ಒಪ್ಪಿಗೆಯಾದುದನ್ನು ಮಾತ್ರ ಇಲ್ಲಿ ಬರೆದಿದ್ದೇವೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಾವರಿಗೆಂದು ಕಟ್ಟಿಸಿದ ಈ ಕೆರೆ ಇಂದು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಹಾದುಬರುವ ಪ್ರದೇಶ, ಕೆರೆಯ ಎರಡು ಬದಿಗೆ ಹಾದುಹೋಗುವ ಹುಣಸೂರು ರಸ್ತೆ ಮತ್ತು ಬೋಗಾದಿ ರಸ್ತೆ, ಇಲ್ಲಿ ಗೂಡು ಕಟ್ಟುವ ಹಕ್ಕಿಗಳು, ಇವೆಲ್ಲ ಬೇರೆ ಬೇರೆ ಇಲಾಖೆಗಳ ಹೊಣೆ. ಒಂದೇ ಮೇಜಿನ ಸುತ್ತ ಅವರೆಲ್ಲರನ್ನೂ ಕೂರಿಸಬಲ್ಲವರು ತಾವೇ ಎಂಬ ಕಾರಣಕ್ಕೆ ಪತ್ರವನ್ನು ತಮಗೆ ಬರೆದು, ಪ್ರತಿಗಳನ್ನು ಉಳಿದವರಿಗೆ ಕಳುಹಿಸುತ್ತಿದ್ದೇವೆ.

ನಮ್ಮ ಮೊದಲ ಮತ್ತು ಮುಖ್ಯ ಕೋರಿಕೆ ದಾರಿಯ ನೆಲದ ಬಗ್ಗೆ. ಕೆರೆಯ ಸುತ್ತಲಿನ ದಾರಿ ಬಹುಪಾಲು ಮಣ್ಣಿನದು. ಉದ್ಯಾನಗಳಲ್ಲಿ ದುರಸ್ತಿ ಎಂಬ ಮಾತು ಬಂದೊಡನೆ ಇಂಟರ್‌ಲಾಕ್ ಟೈಲ್ಸ್ ಅಥವಾ ಕಾಂಕ್ರೀಟು ಬಂದು ಬೀಳುವುದನ್ನು ನಾವು ಹಲವೆಡೆ ನೋಡಿದ್ದೇವೆ. ಇಲ್ಲಿ ಮುಂದೆ ಯಾವಾಗ ಕೆಲಸ ಕೈಗೆತ್ತಿಕೊಂಡರೂ ಹಾಗಾಗಬಾರದು ಎಂಬುದೇ ನಮ್ಮ ಪ್ರಾರ್ಥನೆ. ಗಟ್ಟಿ ನೆಲದಲ್ಲಿ ಓಡಿದರೆ ಮೊಣಕಾಲು ಹಾಳಾಗಿಯೇ ತೀರುತ್ತದೆ ಎಂದು ನಾವು ವಾದಿಸುತ್ತಿಲ್ಲ. ಅದನ್ನು ವೈದ್ಯರಿಗೇ ಬಿಡುತ್ತೇವೆ. ನಮ್ಮ ಕಾರಣಗಳು ಇನ್ನೂ ಸರಳವಾದವು. ಮರಗಳ ನೆರಳಿನಲ್ಲಿ ಬಿಸಿಲು ಬೀಳದ ಕಡೆ ಟೈಲ್ಸ್ ಮೇಲೆ ಒಂದು ಮಳೆಗಾಲದಲ್ಲೇ ಪಾಚಿ ಕಟ್ಟುತ್ತದೆ, ಅದರ ಮೇಲೆ ಓಡುವುದಿರಲಿ, ವಯಸ್ಸಾದವರು ಕೋಲೂರಿ ನಡೆಯುವುದೂ ಅಪಾಯ. ಬೇರುಗಳು ದಪ್ಪವಾಗುತ್ತಾ ಹೋದಂತೆ ಟೈಲ್ಸ್ ಮೇಲೆದ್ದು ಅಂಚುಗಳು ಕಾಲಿಗೆ ತೊಡರುತ್ತವೆ. ಆಗ ಸಾಮಾನ್ಯವಾಗಿ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುವುದು ಮರವೇ ಹೊರತು ಟೈಲ್ಸ್ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣು ಇಂಗಿಸಿಕೊಳ್ಳುವ ನೀರನ್ನು ಕಾಂಕ್ರೀಟು ಅಂಚಿಗೆ ತಳ್ಳುತ್ತದೆ, ಅಂಚಿನಿಂದ ಇಳಿಯುವ ನೀರು ಏರಿಯ ಇಳಿಜಾರಿನಲ್ಲಿ ಕೊರಕಲು ಮಾಡುತ್ತದೆ. ನೂರೈವತ್ತು ವರ್ಷ ದಾಟಿದ ಮಣ್ಣಿನ ಏರಿಗೆ ಕೊರಕಲು ಎಂದರೆ ಏನೆಂದು ತಮ್ಮ ಎಂಜಿನಿಯರುಗಳಿಗೆ ನಾವು ಹೇಳಬೇಕಾಗಿಲ್ಲ.

ಹಾಗೆಂದು ದಾರಿ ಈಗಿರುವಂತೆಯೇ ಚೆನ್ನಾಗಿದೆ ಎಂದೂ ಅಲ್ಲ. ಮಳೆ ಬಂದ ಮರುದಿನ ತಗ್ಗಿನ ಜಾಗಗಳಲ್ಲಿ ನೀರು ನಿಂತು, ಅದನ್ನು ತಪ್ಪಿಸಲು ಜನ ಬದಿಯ ಹುಲ್ಲಿಗೆ ಇಳಿದು, ದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತದೆ. ಇಂತಹ ಕಡೆಗಳಲ್ಲಿ ಗರಸು ಮಣ್ಣು ಹಾಕಿ ಅದುಮಿ, ದಾರಿಯ ನಡುಭಾಗವನ್ನು ಅಂಚಿಗಿಂತ ತುಸು ಎತ್ತರಿಸಿ, ನೀರು ಹರಿದುಹೋಗಲು ಕಲ್ಲಿನ ಸಣ್ಣ ಅಡ್ಡ ಮೋರಿಗಳನ್ನು ಕೂರಿಸಿದರೆ ಸಾಕು. ಈ ಕೆಲಸ ಜೂನ್ ಮಳೆಗೆ ಮೊದಲೇ ಆಗಬೇಕು, ಪ್ರತಿ ವರ್ಷವೂ ಆಗಬೇಕು. ಒಮ್ಮೆ ಮಾಡಿ ಮರೆಯುವ ಕಾಮಗಾರಿಗೆ ಹಣ ಸಿಗುವಷ್ಟು ಸುಲಭವಾಗಿ ವರ್ಷವರ್ಷದ ನಿರ್ವಹಣೆಗೆ ಸಿಗುವುದಿಲ್ಲ ಎಂಬ ಅರಿವು ನಮಗೂ ಇದೆ.

ಇನ್ನು ದೂರದ ಗುರುತುಗಳು. ಕೆರೆಯ ಒಂದು ಸುತ್ತು ಎಷ್ಟು ಎಂಬುದು ನಮ್ಮ ನಡುವೆ ಮುಗಿಯದ ತಗಾದೆ: ಮರಗಳ ಅಡಿಯಲ್ಲಿ ಜಿಪಿಎಸ್ ತಡವರಿಸುವುದರಿಂದ ಒಬ್ಬರ ಕೈಗಡಿಯಾರ ನಾಲ್ಕು ಕಿಲೋಮೀಟರ್ ಎಂದರೆ ಇನ್ನೊಬ್ಬರದು ನಾಲ್ಕೂವರೆ ಎನ್ನುತ್ತದೆ. ರಸ್ತೆ ಓಟದ ಸ್ಪರ್ಧೆಗಳ ದಾರಿಯನ್ನು ಅಳೆಯಲು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಒಪ್ಪಿರುವ ವಿಧಾನವೆಂದರೆ, ಸರಿಹೊಂದಿಸಿದ ಸೈಕಲ್ಲಿನ ಚಕ್ರದ ಸುತ್ತುಗಳನ್ನು ಎಣಿಸುವುದು; ದಾರಿ ಎಲ್ಲೂ ಕಡಿಮೆ ಬೀಳದಿರಲೆಂದು ಕಿಲೋಮೀಟರಿಗೆ 1 ಮೀಟರ್ ಸೇರಿಸಿ ಅಳೆಯುತ್ತಾರೆ. ಅಷ್ಟು ಕಟ್ಟುನಿಟ್ಟು ಇಲ್ಲಿ ಬೇಕಿಲ್ಲವಾದರೂ, ಆ ರೀತಿಯಲ್ಲೇ ಅಳೆದುಕೊಡಲು ನಮ್ಮಲ್ಲಿ ಕೆಲವರು ಸಿದ್ಧರಿದ್ದಾರೆ. ಪ್ರತಿ 500 ಮೀಟರಿಗೆ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟು ಅದರ ಮೇಲೆ ಕನ್ನಡ ಅಂಕಿಯಲ್ಲಿ ದೂರ ಕೆತ್ತಿಸಬೇಕು. ಮರಗಳಿಗೆ ಮೊಳೆ ಹೊಡೆದು ಫಲಕ ನೇತುಹಾಕುವುದು ಬೇಡ, ಕಾಂಡಕ್ಕೆ ಎಣ್ಣೆ ಬಣ್ಣ ಬಳಿಯುವುದೂ ಬೇಡ. ತಾತ್ಕಾಲಿಕ ಗುರುತಿಗೆ ನೆಲದ ಮೇಲೆ ಸುಣ್ಣದ ಪುಡಿ ಸಾಕಾಗುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ತಿರುವುಗಳಲ್ಲಿ ಹತ್ತು ಹೆಜ್ಜೆ ಉಳಿಸಲು ಹುಲ್ಲಿನ ನಡುವೆ ಒಬ್ಬರು ಅಡ್ಡ ಹಾಯ್ದರೆ ವಾರದೊಳಗೆ ಅದೊಂದು ಕಾಲುದಾರಿಯಾಗುತ್ತದೆ. ಹಾಗೆ ಹುಟ್ಟಿದ ದಾರಿಗಳಲ್ಲಿ ಕೆಲವು ನೀರಿನ ಅಂಚಿನವರೆಗೂ ಇಳಿದಿವೆ. ಅವುಗಳನ್ನು ಮಾಡಿದವರು ಓಡುವವರಾದ ನಾವೇ. ಅವನ್ನು ಮುಳ್ಳಿನ ಬೇಲಿ ಹಾಕಿ ಅಥವಾ ಸ್ಥಳೀಯ ಗಿಡಗಳನ್ನು ನೆಟ್ಟು ಮುಚ್ಚಿಸಬೇಕೆಂದು ಕೋರುತ್ತೇವೆ, ಆ ಕೆಲಸಕ್ಕೆ ಭಾನುವಾರಗಳಂದು ಬರಲೂ ಸಿದ್ಧರಿದ್ದೇವೆ. ಮೂರ್ನಾಲ್ಕು ಜನ ಸಾಲಾಗಿ ಹರಡಿಕೊಂಡು ಓಡುವುದರಿಂದ, ಹಿಂದಿನಿಂದ ಸದ್ದಿಲ್ಲದೆ ನುಗ್ಗಿ ಬರುವುದರಿಂದ ಹಿರಿಯರು ಬೆಚ್ಚಿಬೀಳುತ್ತಾರೆ ಎಂಬ ದೂರು ನ್ಯಾಯವಾದದ್ದೇ. ಎಲ್ಲರೂ ಎಡಬದಿ ಹಿಡಿಯಬೇಕು, ಓಡುವವರು ಇಬ್ಬರಿಗಿಂತ ಹೆಚ್ಚು ಜನ ಜೊತೆಯಾಗಿ ಸಾಗಬಾರದು, ಹಿಂದಿಕ್ಕುವ ಮುನ್ನ ಧ್ವನಿ ಕೊಡಬೇಕು ಎಂಬ ಮೂರು ಮಾತುಗಳ ಫಲಕವೊಂದು ಪ್ರತಿ ಗೇಟಿನಲ್ಲಿದ್ದರೆ ಅರ್ಧ ಜಗಳ ತೀರುತ್ತದೆ. ಬೆಳಿಗ್ಗೆ 6ರಿಂದ 8ರವರೆಗಿನ ದಟ್ಟಣೆಯಲ್ಲಿ ವೇಗದ ಅಭ್ಯಾಸಕ್ಕೆ ಅವಕಾಶವೇ ಇರಬಾರದು. ಅದಕ್ಕೆ ಚಾಮುಂಡಿ ವಿಹಾರ ಕ್ರೀಡಾಂಗಣದ ಟ್ರ್ಯಾಕ್ ಇದೆ. ನಮ್ಮಲ್ಲೇ ಕೆಲವು ಯುವಕರಿಗೆ ಈ ಸಾಲು ಹಿಡಿಸಲಿಲ್ಲ, ಆದರೂ ಸಹಿ ಹಾಕಿದ್ದಾರೆ.

ಕೆರೆ ಮೊದಲು ಹಕ್ಕಿಗಳದ್ದು, ಆಮೇಲೆ ನಮ್ಮದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆಗಳು ಇಲ್ಲಿನ ಮರಗಳನ್ನು ನಂಬಿಕೊಂಡಿವೆ. ದೊಡ್ಡ ನೀರುಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಚಳಿಗಾಲದ ಕೊನೆ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಧ್ವನಿವರ್ಧಕ, ಡೋಲು, ಡ್ರೋನ್ ಬಳಸುವ ಯಾವ ಓಟದ ಕಾರ್ಯಕ್ರಮಕ್ಕೂ ಏರಿಯ ಮೇಲೆ ಅನುಮತಿ ನೀಡಬಾರದು. ಗೂಡುಗಳಿಗೆ ಹತ್ತಿರವಾಗುವ ಭಾಗವನ್ನು ಆ ತಿಂಗಳುಗಳಲ್ಲಿ ಓಟಕ್ಕೆ ಮುಚ್ಚಬೇಕೆಂದು ಅರಣ್ಯ ಇಲಾಖೆ ಹೇಳಿದರೆ ನಾವು ಬಂದ ದಾರಿಯಲ್ಲೇ ಹಿಂದಿರುಗಿ ಓಡುತ್ತೇವೆ, ಸುತ್ತು ಪೂರ್ತಿಯಾಗಲೇಬೇಕೆಂಬ ಹಟ ನಮಗಿಲ್ಲ. ದೀಪಗಳ ವಿಷಯವೂ ಇದೇ. ಕತ್ತಲಲ್ಲಿ ಓಡಲು ದಾರಿಯುದ್ದಕ್ಕೂ ದೀಪದ ಕಂಬಗಳು ಬೇಕೆಂದು ನಮ್ಮಲ್ಲೂ ಕೆಲವರು ಕೇಳಿದ್ದರು. ನೀರಿಗೆ ಬೆಳಕು ಚೆಲ್ಲುವ ಕಂಬಗಳು ಬೇಡ, ಗೇಟುಗಳ ಬಳಿ ಮಾತ್ರ ತಲೆತಗ್ಗಿಸಿದ ದೀಪಗಳಿರಲಿ ಎಂದು ಕೊನೆಗೆ ನಿರ್ಧರಿಸಿದೆವು.

ಒಂದೇ ದಾರಿಯ ಮೇಲಿನ ಒತ್ತಡ ಕಡಿಮೆಯಾಗಲು ಇನ್ನೊಂದು ಉಪಾಯವಿದೆ. ಕೆರೆಗೆ ಹೊಂದಿಕೊಂಡಂತಿರುವ ಮಾನಸಗಂಗೋತ್ರಿ ಆವರಣದ ರಸ್ತೆಗಳಲ್ಲಿ ಬೆಳಿಗ್ಗೆ ತರಗತಿಗಳಿಗೆ ಮುನ್ನ, ಗುರುತಿನ ಚೀಟಿ ತೋರಿಸಿ ಓಡಲು ವಿಶ್ವವಿದ್ಯಾನಿಲಯ ಒಪ್ಪಿದರೆ, ದೂರದ ಓಟದವರು ಕೆರೆಯನ್ನು ಐದಾರು ಬಾರಿ ಸುತ್ತುವ ಬದಲು ಒಮ್ಮೆ ಸುತ್ತಿ ಅತ್ತ ತಿರುಗಬಹುದು. ಚಾಮುಂಡಿ ಬೆಟ್ಟದ ಕಾಡಿನ ಕಾಲುದಾರಿಗಳನ್ನು ನಾವು ಕೇಳುತ್ತಿಲ್ಲ. ಅದು ಮೀಸಲು ಅರಣ್ಯ, ಚಿರತೆಗಳ ಜಾಗ.

ಉಳಿದಂತೆ ಗೇಟುಗಳ ಬಳಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೂ ಬಳಸಲು ಯೋಗ್ಯವಾದ ಶೌಚಾಲಯ, ಆಂಬುಲೆನ್ಸ್ ಒಳಬರಲು ತೆರೆಯಬಹುದಾದ ಒಂದು ಗೇಟಿನ ಬೀಗದ ಕೈ ಕಾವಲುಗಾರರ ಬಳಿಯೇ ಇರುವ ವ್ಯವಸ್ಥೆ, ಇವನ್ನು ಕೋರುತ್ತೇವೆ.

ಮಳೆಗಾಲಕ್ಕೆ ಮೊದಲು ತಾವು ಸಂಬಂಧಪಟ್ಟ ಅಧಿಕಾರಿಗಳೊಂದಿಗೆ ಒಂದು ಮುಂಜಾನೆ 6 ಗಂಟೆಗೆ ಸ್ಥಳ ಪರಿಶೀಲನೆಗೆ ಬರಬೇಕೆಂದು ವಿನಂತಿಸುತ್ತೇವೆ. ನೀರು ನಿಲ್ಲುವ ಜಾಗಗಳು, ಮುಚ್ಚಬೇಕಾದ ಅಡ್ಡದಾರಿಗಳು ಮತ್ತು ಕಲ್ಲು ನೆಡಬಹುದಾದ ತಾಣಗಳನ್ನು ಗುರುತಿಸಿದ ನಕ್ಷೆಯನ್ನು ಆ ದಿನ ತಮ್ಮ ಕೈಗೆ ಒಪ್ಪಿಸುತ್ತೇವೆ. ಸುತ್ತು ಪೂರ್ತಿ ನಡೆಯಲು ಒಂದು ಗಂಟೆ ಬೇಕಾಗುತ್ತದೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ನಿವಾಸಿಗಳು

ಪ್ರತಿಗಳು: ಕುಲಸಚಿವರು, ಮೈಸೂರು ವಿಶ್ವವಿದ್ಯಾನಿಲಯ, ಆಯುಕ್ತರು, ಮೈಸೂರು ಮಹಾನಗರ ಪಾಲಿಕೆ, ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಮೈಸೂರು.